ರಾಕೆಟ್ ಬಿಟ್ಟಲ್ಲಿಂದ ಮುಂದಿನ ದಾರಿ

ಬೇಲೂರು ರಸ್ತೆ ಬಿಟ್ಟು ಒಳಕ್ಕೆ ತಿರುಗಿ ಸ್ವಲ್ಪ ದೂರ ಹೋದರೆ ದೊಡ್ಡಗದ್ದವಳ್ಳಿಯ ಕೆರೆ, ಕೆರೆಯ ಪಕ್ಕದಲ್ಲೇ ಲಕ್ಷ್ಮೀದೇವಿಯ ಗುಡಿ. ವಿಷ್ಣುವರ್ಧನನ ಕಾಲದಲ್ಲಿ, ಸುಮಾರು 1113ರಲ್ಲಿ, ವರ್ತಕ ಕುಲ್ಲಹಣ ರಾಹುತ ಮತ್ತು ಅವನ ಮಡದಿ ಸಹಜಾದೇವಿ ಕಟ್ಟಿಸಿದ್ದು. ಲಕ್ಷ್ಮಿ, ಕಾಳಿ, ಶಿವ, ವಿಷ್ಣು ನಾಲ್ವರಿಗೂ ಒಂದೊಂದು ಗರ್ಭಗುಡಿ. ಕಾಳಿಯ ಕಾವಲಿಗೆ ಎಲುಬು ಎದ್ದ ಬೇತಾಳಗಳು. ಒಂಬೈನೂರು ವರ್ಷದ ಹಿಂದಿನ ಕೈಚಳಕ ನೋಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಅದೇ ಬೆರಗಿನಲ್ಲಿ ಹಾಸನಕ್ಕೆ ಮರಳಿ ಸಾಲಗಾಮೆ ರಸ್ತೆ ಹಿಡಿದೆ. ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಇರುವುದು ಇಲ್ಲಿ. ಊರಿನವರ ಬಾಯಲ್ಲಿ ಎಂಸಿಎಫ್. ಹೊರಗಿನವರಿಗೆ ಕಾಣುವುದು ಆಕಾಶಕ್ಕೆ ಮುಖವೆತ್ತಿದ ಬಿಳಿ ಆಂಟೆನಾಗಳಷ್ಟೆ. ಅಷ್ಟಕ್ಕೇ ಎದೆ ತುಂಬಿತು.

ಇಲ್ಲಿನ ಕೆಲಸ ಏನೆಂಬುದಕ್ಕೆ ಒಂದು ಉದಾಹರಣೆ. 2024ರ ನವೆಂಬರ್ 19, ನಡುರಾತ್ರಿ ಆಗಷ್ಟೇ ಕಳೆದಿತ್ತು. 4,700 ಕಿಲೋ ತೂಕದ ಜಿಸ್ಯಾಟ್-ಎನ್2 ಉಪಗ್ರಹ ನಮ್ಮ ಎಲ್‌ವಿಎಂ3 ರಾಕೆಟ್ ಹೊರುವುದಕ್ಕಿಂತ ಭಾರ. ಹಾಗಾಗಿ ಹಣ ಕೊಟ್ಟು ಸ್ಪೇಸ್‌ಎಕ್ಸ್‌ನ ಫಾಲ್ಕನ್-9ರಲ್ಲಿ ಫ್ಲಾರಿಡಾದಿಂದ ಕಳಿಸಿದರು. ಅರ್ಧ ಗಂಟೆ ದಾಟುವಷ್ಟರಲ್ಲಿ ರಾಕೆಟ್ಟಿನ ಕೆಲಸ ಮುಗಿಯಿತು. ಆದರೆ ಅದು ಉಪಗ್ರಹವನ್ನು ಬಿಟ್ಟದ್ದು ಉದ್ದನೆಯ ಅಂಡಾಕಾರದ ಕಕ್ಷೆಯಲ್ಲಿ. ಅಲ್ಲಿಂದ 36,000 ಕಿ.ಮೀ. ಎತ್ತರದ ವರ್ತುಲ ಕಕ್ಷೆಗೆ ಏರಿಸುವ ಹೊಣೆ ಹಾಸನದ್ದು.

ಇಸ್ರೋದ ಇಂಥ ಉಪಗ್ರಹಗಳಲ್ಲಿ ಹೀಗೆ ಕಕ್ಷೆ ಏರಿಸಲೆಂದೇ ಇರುವ ಎಂಜಿನ್ನಿನ ನೂಕುಬಲ ಸಾಮಾನ್ಯವಾಗಿ 440 ನ್ಯೂಟನ್. ಒಂದು ಸಿಮೆಂಟ್ ಮೂಟೆಯನ್ನು ಎತ್ತಿ ಹಿಡಿಯಲೂ ಸಾಲದ ಬಲ! ಉಪಗ್ರಹ ಭೂಮಿಯಿಂದ ಅತಿ ದೂರ ಹೋದ ಹೊತ್ತು ನೋಡಿ ಇಲ್ಲಿಂದ ಆಜ್ಞೆ ಕಳಿಸುತ್ತಾರೆ. ಎಂಜಿನ್ ಉರಿದಷ್ಟೂ ಕಕ್ಷೆ ದುಂಡಗಾಗುತ್ತದೆ. ಕೊನೆಗೆ ಉಪಗ್ರಹ ಭೂಮಿಯ ಜೊತೆಜೊತೆಗೇ ಸುತ್ತುತ್ತದೆ. ನಮ್ಮ ಮನೆಯ ಮೇಲಿನ ಡಿಶ್ ಅತ್ತಿತ್ತ ತಿರುಗದೆ ಕೆಲಸ ಮಾಡುವುದು ಇದರಿಂದಲೇ.

ಇಂಥ ಹೊಣೆ ಹಾಸನಕ್ಕೆ ಹೊಸದಲ್ಲ. 1983ರ ಆಗಸ್ಟ್ 30ರಂದು ಇನ್ಸಾಟ್-1ಬಿ ಉಪಗ್ರಹ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯಲ್ಲಿ ಹೋಯಿತು. ಸೌರಫಲಕ ಬಿಚ್ಚಿಕೊಳ್ಳಲಿಲ್ಲ. ಇಲ್ಲಿನ ಎಂಜಿನಿಯರುಗಳೂ ಅದನ್ನು ತಯಾರಿಸಿದ ಫೋರ್ಡ್ ಕಂಪನಿಯವರೂ ಹಗಲಿರುಳು ಕೂತು, ಸೆಪ್ಟೆಂಬರ್ ನಡುವಿನ ಹೊತ್ತಿಗೆ ಬಿಚ್ಚಿಸಿದರು. ದೂರದರ್ಶನ ಊರೂರಿಗೆ ಮುಟ್ಟಿದ್ದು ಆಮೇಲೆ.

ಉಡಾವಣೆಯನ್ನು ಟಿ.ವಿ.ಯಲ್ಲಿ ನೋಡುವ ನಾವು ರಾಕೆಟ್ ಕಣ್ಮರೆಯಾದೊಡನೆ ಚಪ್ಪಾಳೆ ತಟ್ಟಿ ಎದ್ದುಬಿಡುತ್ತೇವೆ. ನಿಜವಾದ ಏರುದಾರಿ ಆಗಷ್ಟೇ ಶುರುವಾಗಿರುತ್ತದೆ. ಬೇಲೂರು, ಹಳೇಬೀಡಿಗೆ ಮಕ್ಕಳನ್ನು ಕರೆತರುವವರು ಸಾಲಗಾಮೆ ರಸ್ತೆಯ ಆ ಆಂಟೆನಾಗಳನ್ನೂ ತೋರಿಸಲಿ. ಶಿಲ್ಪಿಗಳಿಂದ ಹೆಸರಾದ ಈ ಜಿಲ್ಲೆ ಈ ಎಂಜಿನಿಯರುಗಳಿಂದಲೂ ಅಷ್ಟೇ ಹೆಸರಾಗಬೇಕು.