ಬೀದಿಯ ಮಟ್ಟಕ್ಕೆ ಬಂದ ಹಳಿ

"ಏನು ಫಾದರ್, ಇನ್ನೂ ಆಟದ ರೈಲು ಬಿಟ್ಟಿಲ್ಲವೇ?" ಎಂದು ಕೇಳುವವರಿಗೆ ನಾನು ನಕ್ಕು ಸುಮ್ಮನಾಗುತ್ತೇನೆ. ಗುರುಮಠದಲ್ಲಿದ್ದಾಗ ಪ್ರತಿ ಕ್ರಿಸ್ಮಸ್‌ಗೂ ಗೋದಲಿ ಕಟ್ಟುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಗೋಣಿಚೀಲವನ್ನು ಜೇಡಿಮಣ್ಣಿನಲ್ಲಿ ಅದ್ದಿ ಬೆಟ್ಟ ಮಾಡುವುದು, ರಾಗಿ ಚೆಲ್ಲಿ ಹಸಿರು ಬರಿಸುವುದು ಎಲ್ಲವನ್ನೂ ಅಲ್ಲಿಯೇ ಕಲಿತೆ. ಅಂಥ ಬೆಟ್ಟದ ಬುಡದಲ್ಲಿ ಒಂದು ಪುಟ್ಟ ರೈಲು ಓಡಿಸಬೇಕೆಂಬ ಆಸೆ ಹೊಸೂರು ಸೀಮೆಗೆ ಬಂದ ಮೇಲೆ ಕೈಗೂಡಿತು.

ಯಾವ ರೈಲು? ನಮ್ಮ ನೆಲದ್ದೇ. "ಕೃಷ್ಣಗಿರಿಗೂ ಒಂದು ಕಾಲದಲ್ಲಿ ರೈಲು ಬರುತ್ತಿತ್ತು" ಎಂದಾಗ ಧರ್ಮೋಪದೇಶ ತರಗತಿಯ ಮಕ್ಕಳು ನಂಬಲಿಲ್ಲ. ಆದರೆ 1905ರಲ್ಲಿಯೇ ತಿರುಪತ್ತೂರಿನಿಂದ ಕೃಷ್ಣಗಿರಿಗೆ ನ್ಯಾರೋಗೇಜ್ ರೈಲು ಬಂದಿತ್ತು. ಮೊರಪ್ಪೂರಿನಿಂದ 1906ರಲ್ಲಿ ಧರ್ಮಪುರಿಗೆ ಬಂದ ಇನ್ನೊಂದು ದಾರಿ 1913ರಲ್ಲಿ ಹೊಸೂರನ್ನು ಮುಟ್ಟಿತು. ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, ಅಂದರೆ 762 ಮಿ.ಮೀ. ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಎರಡೂ ದಾರಿಗಳು ಮುಚ್ಚಿದವು. ಮುಂದೆ ಸೇಲಂ-ಬೆಂಗಳೂರು ದಾರಿಯಿಂದ ಹೊಸೂರಿಗೆ ರೈಲು ಮರಳಿತು. ಕೃಷ್ಣಗಿರಿ 2004ರಲ್ಲಿ ಜಿಲ್ಲಾ ಕೇಂದ್ರವಾಯಿತು. ರೈಲು ಮಾತ್ರ ಇಂದಿಗೂ ಬಂದಿಲ್ಲ.

ಆ ರೈಲನ್ನು ಕಣ್ಣಾರೆ ಕಂಡವರು ಈಗ ಎಷ್ಟು ಮಂದಿ ಉಳಿದಿದ್ದಾರು? ತೊಂಬತ್ತು ದಾಟಿದ ಒಬ್ಬ ಅಜ್ಜಿಯ ಬಳಿ ಹುಡುಗರನ್ನು ಕರೆದುಕೊಂಡು ಹೋದೆ. ಎಂಜಿನ್ನಿನ ಬಣ್ಣ ಯಾವುದು, ಡಬ್ಬಿ ಎಷ್ಟು ಎಂದು ಹುಡುಗರು ಕೇಳಿದರು. ಅಜ್ಜಿಗೆ ಅದೊಂದೂ ನೆನಪಿರಲಿಲ್ಲ. "ನಮ್ಮಪ್ಪ ಹುಣಸೆಹಣ್ಣಿನ ಮೂಟೆ ಹೊತ್ತು ನಿಂತಿದ್ದ ಸಾಮಿ. ಎಷ್ಟು ಜನ ಅಂತೀರಿ!" ಎಂದರು. ಅವರ ನೆನಪಿನಲ್ಲಿ ರೈಲಿಗಿಂತ ಜನರೇ ದೊಡ್ಡವರು. ಆದ್ದರಿಂದ ನಮ್ಮ ಮಾದರಿಯಲ್ಲಿ ರೈಲನ್ನು ಪೇಟೆಬೀದಿಯೊಳಗೇ ತರೋಣ ಎಂದುಕೊಂಡೆವು. ಕೃಷ್ಣಗಿರಿಯಲ್ಲಿ ಹಾಗಿತ್ತೆಂದು ನಾನು ಹೇಳುವುದಿಲ್ಲ. ಬೀದಿ ನಮ್ಮ ಕಲ್ಪನೆ. ಆದರೆ 1881ರ ಡಾರ್ಜಿಲಿಂಗ್ ರೈಲು ಇಂದಿಗೂ ಕರ್ಸಿಯಾಂಗ್ ಪೇಟೆಯಲ್ಲಿ ಅಂಗಡಿಗಳ ಮಗ್ಗುಲಲ್ಲೇ ಸಾಗುತ್ತದೆ. ಮದ್ರಾಸಿನಲ್ಲಿ 1895ರಿಂದ 1953ರವರೆಗೆ ಟ್ರಾಮು ಬೀದಿಯ ನಡುವೆಯೇ ಓಡಿತು.

ನಾವು ಹಿಡಿದ ಅಳತೆ 87ಕ್ಕೆ ಒಂದು. 762 ಮಿ.ಮೀ. ಹಳಿ ಈ ಲೆಕ್ಕದಲ್ಲಿ ಸುಮಾರು 9 ಮಿ.ಮೀ. ಆಗುತ್ತದೆ, ಆ ಅಗಲದ ಹಳಿ ಮಾದರಿ ರೈಲಿನ ಅಂಗಡಿಗಳಲ್ಲಿ ಸಿಗುತ್ತದೆ. ಮನುಷ್ಯನ ಎತ್ತರ 2 ಸೆಂ.ಮೀ. ನೂರು ಮೀಟರಿನ ಬೆಟ್ಟಕ್ಕೆ ಮಾತ್ರ 115 ಸೆಂ.ಮೀ. ಬೇಕು! ಹಾಗಾಗಿ ಬುಡವನ್ನು ಕಟ್ಟಿ, ತುದಿಯನ್ನು ಹಿಂದಿನ ಹಲಗೆಯ ಮೇಲೆ ಚಿತ್ರವಾಗಿ ಬರೆದೆವು. ಥರ್ಮೋಕೋಲನ್ನು ಪದರ ಪದರವಾಗಿ ಅಂಟಿಸಿ, ಪತ್ರಿಕೆಯ ಚೂರುಗಳನ್ನು ಗೋಂದಿನಲ್ಲಿ ಅದ್ದಿ ಹೊದಿಸಿ, ಮೇಲೆ ಪ್ಲಾಸ್ಟರ್ ಬಳಿದೆವು. ಹುಡುಗರು ಹಸಿರು ಬಣ್ಣ ತಂದಿದ್ದರು. "ಕಿಟಕಿಯಿಂದ ಹೊರಗೆ ನೋಡಿರಪ್ಪಾ" ಎಂದೆ. ನಮ್ಮ ಬೆಟ್ಟಗಳು ಬೂದುಬಣ್ಣದ ಬೋಳು ಬಂಡೆಗಳು. ಮಳೆನೀರು ಇಳಿದ ಕಡೆ ಕಪ್ಪು ಗೆರೆ. ಏರು ದಾರಿಯನ್ನು ಮೀಟರಿಗೆ 3 ಸೆಂ.ಮೀ. ಒಳಗೇ ಇಟ್ಟೆವು. ಹೆಚ್ಚಾದರೆ ಪುಟ್ಟ ಎಂಜಿನ್ನಿನ ಗಾಲಿ ಜಾರುತ್ತದೆ.

ಬೀದಿಯ ಕೆಲಸ ಬೆಟ್ಟಕ್ಕಿಂತ ನಾಜೂಕು. ಹಳಿಯ ಎರಡೂ ಹೊರಬದಿಗೆ ರಟ್ಟು ಅಂಟಿಸಿ ರಸ್ತೆಯನ್ನು ಹಳಿಯ ಮಟ್ಟಕ್ಕೆ ತರಬೇಕು. ಹಳಿಗಳ ನಡುವೆ ತುಂಬುವ ಪ್ಲಾಸ್ಟರ್ ಮಾತ್ರ ಕೂದಲೆಳೆಯಷ್ಟು ತಗ್ಗಿನಲ್ಲಿರಬೇಕು. ಎಂಜಿನ್ನಿಗೆ ವಿದ್ಯುತ್ ಹಳಿಯ ನೆತ್ತಿಯಿಂದಲೇ ಬರುವುದು. ಪ್ಲಾಸ್ಟರ್ ಎದ್ದು ನಿಂತರೆ ಗಾಲಿ ಹಳಿ ಬಿಟ್ಟು ಮೇಲೇಳುತ್ತದೆ, ರೈಲು ನಿಲ್ಲುತ್ತದೆ. ಗಾಲಿಯ ಅಂಚು ಓಡಾಡಲು ಹಳಿಯ ಒಳಬದಿಗೆ ಸಣ್ಣ ಕಾಲುವೆ ಬಿಡಬೇಕು. ಅದು ತೀರಾ ಅಗಲವಾದರೆ ನಿಜವಾದ ಬೀದಿಯಲ್ಲಿ ಸೈಕಲ್ ಚಕ್ರ ಸಿಕ್ಕಿಕೊಂಡೀತು. ತಿರುವಿನಲ್ಲಿ ಉದ್ದದ ಡಬ್ಬಿಯ ಮೂಲೆ ಹೊರಕ್ಕೆ ಚಾಚುವುದರಿಂದ, ಡಬ್ಬಿಯನ್ನು ಓಡಿಸಿ ನೋಡಿದ ಮೇಲೆಯೇ ಅಂಗಡಿಯ ಜಗಲಿಗಳನ್ನು ಅಂಟಿಸಿದೆವು.

ಪ್ರಿಯ ಓದುಗರೇ, ಈ ಕೆಲಸ ಮಾಡುವಾಗ ನಮ್ಮ ಹೊಸೂರಿನ ಪೇಟೆಯೇ ನೆನಪಾಗುತ್ತಿತ್ತು. ಬಯಲಿನಲ್ಲಿ ರೈಲಿಗಾಗಿ ಗೇಟು ಹಾಕುತ್ತಾರೆ, ಜನ ಕಾಯುತ್ತಾರೆ. ಬೀದಿಗೆ ಬಂದ ರೈಲು ತಾನೇ ನಿಧಾನವಾಗಬೇಕು. ಹೂ ಮಾರುವವಳಿಗೂ ಅಡ್ಡ ಬಂದ ಹಸುವಿಗೂ ಕಾಯಬೇಕು. ಕನ್ನಡ, ತಮಿಳು, ತೆಲುಗು ಒಂದೇ ಬೀದಿಯಲ್ಲಿ ನಡೆಯುವ ಊರು ನಮ್ಮದು. ಒಂದು ಎದ್ದು ನಿಂತರೆ ಇನ್ನೊಂದು ಎಡವುತ್ತದೆ. ಹಾಗೆಂದು ಹಳಿಯನ್ನು ಪೂರ್ತಿ ಮುಚ್ಚಿಬಿಟ್ಟರೂ ರೈಲು ಓಡದು. ನಮ್ಮ ಮನೆಗಳಲ್ಲಿ ಹಿರಿಯರ ಮತ್ತು ಕಿರಿಯರ ಸಂಗತಿಯೂ ಹೀಗೆಯೇ ಅಲ್ಲವೇ?

ಹುಡುಗರು ಅಜ್ಜಿಯ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಈಗ ಪೇಟೆಬೀದಿಯ ತಿರುವಿನಲ್ಲಿ 2 ಸೆಂ.ಮೀ. ಎತ್ತರದ ಒಬ್ಬ ಮನುಷ್ಯ ಮೂಟೆ ಹೊತ್ತು ನಿಂತಿದ್ದಾನೆ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಈ ವಾರವೇ ಅವರ ಪಕ್ಕದಲ್ಲಿ ಕುಳಿತು, ಅವರ ಕಾಲದ ಬೀದಿ ಹೇಗಿತ್ತೆಂದು ಕೇಳಿರಿ. ಮಕ್ಕಳ ಕೈಯಲ್ಲಿ ಬರೆಸಿರಿ. ಕಿತ್ತ ಹಳಿಯನ್ನು ಮತ್ತೆ ಹಾಕಬಹುದು, ಆದರೆ ಕೇಳದೆ ಹೋದ ಮಾತು ಮತ್ತೆ ಸಿಗುವುದಿಲ್ಲ.