ಆಷಾಢದ ಛತ್ರದಲ್ಲಿ ಯೆಜ್ಡಿ

ಜಾವಾ, ಯೆಜ್ಡಿ ಬೈಕು ಇಟ್ಟುಕೊಂಡವರೆಲ್ಲ ಸೇರಿ ಮೊದಲ ಸಲ ರ‍್ಯಾಲಿ ಮಾಡೋಣವೆಂದಾಗ ವಸತಿಯ ಹೊಣೆ ನನ್ನ ಪಾಲಿಗೆ ಬಂತು. ನಾನು ನಂಜನಗೂಡಿನವನು ಎಂಬುದೊಂದೇ ಕಾರಣ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿ ಕೆಲವು ವರ್ಷಗಳಾಗಿದ್ದವು. 1961ರಿಂದ ಅಲ್ಲಿ ತಯಾರಾದ ಗಾಡಿಗಳು ಮಾತ್ರ ನಮ್ಮ ಕಡೆ ಹಾಲಿನ ಕ್ಯಾನು, ಬಾಳೆಗೊನೆ ಹೊತ್ತು ಓಡುತ್ತಲೇ ಇದ್ದವು. ಬೆಂಗಳೂರು, ಕೊಯಮತ್ತೂರು, ಕಲ್ಲಿಕೋಟೆಗಳಿಂದ ಸವಾರರು ಬರುವವರಿದ್ದರು.

ಆಗ ನಂಜನಗೂಡಿನಲ್ಲಿ ಉಳಿಯುವುದೆಂದರೆ ದೇವಸ್ಥಾನದ ಸುತ್ತಲಿನ ಛತ್ರಗಳು. ಒಂದು ಚಾಪೆ, ಒಂದು ಬಲ್ಬು, ಹಿತ್ತಲಲ್ಲಿ ನಲ್ಲಿ. ಜನ ಬಸ್ಸಿಗೋ ರೈಲಿಗೋ ಬಂದು, ಕಪಿಲೆಯಲ್ಲಿ ಮಿಂದು, ಮುಡಿ ಕೊಟ್ಟು, ಶ್ರೀಕಂಠೇಶ್ವರನ ದರ್ಶನ ಮಾಡಿ ಹೊರಡುತ್ತಿದ್ದರು. ಅವರಿಗಾಗಿ ಕಟ್ಟಿದ ಛತ್ರದಲ್ಲಿ ಗಾಡಿ ನಿಲ್ಲಿಸುವ ಜಾಗ ಎಲ್ಲಿಂದ ಬರಬೇಕು? "ಮಲಗಕ್ಕೆ ಜಾಗ ಅದೆ ಸಾಮಿ, ಇಷ್ಟೊಂದು ಗಾಡಿಗಳ್ನ ಎಲ್ಲಿ ನಿಲ್ಲುಸ್ತೀರಿ?" ಎಂದು ಹೋದಲ್ಲೆಲ್ಲ ಕೇಳಿದರು. ಹುಣ್ಣಿಮೆ ಬಂದರೆ ಮಲಗುವುದಕ್ಕೂ ಜಾಗವಿಲ್ಲ. ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುವ ದಿನಗಳಲ್ಲಂತೂ ಕೇಳುವುದೇ ಬೇಡ.

ದಾರಿ ತೋರಿಸಿದ್ದು ಪಂಚಾಂಗ. ಜಾವಾ ಸವಾರರ ದಿನ ಜುಲೈ ತಿಂಗಳ ಎರಡನೇ ಭಾನುವಾರ. ಅದು ಹೆಚ್ಚಾಗಿ ಆಷಾಢದಲ್ಲೇ ಬೀಳುತ್ತದೆ. ಆಷಾಢದಲ್ಲಿ ಮದುವೆಯಿಲ್ಲ, ಕಲ್ಯಾಣ ಮಂಟಪಗಳೆಲ್ಲ ಖಾಲಿ. ದೊಡ್ಡ ಅಂಗಳ, ಗೇಟು, ಅಡುಗೆಮನೆ, ಸಾಲು ರೂಮು, ಬಾಡಿಗೆಯಲ್ಲೂ ಚೌಕಾಸಿಗೆ ಅವಕಾಶ. ರ‍್ಯಾಲಿಗೆ ಇದಕ್ಕಿಂತ ಒಳ್ಳೆಯ ತಂಗುದಾಣವನ್ನು ನಾನು ಇಂದಿಗೂ ಕಂಡಿಲ್ಲ. ಹಳೇ ಗಾಡಿ ನಿಂತಲ್ಲಿ ಆಯಿಲ್ ತೊಟ್ಟಿಕ್ಕುತ್ತದೆಂದು ಮಂಟಪದವರು ಅಳುಕಿದರು. ಪ್ರತಿ ಎಂಜಿನ್ ಕೆಳಗೂ ಗೋಣಿತಾಟು ಹಾಸುತ್ತೇವೆಂದ ಮೇಲೆ ಬೀಗದ ಕೈ ಕೊಟ್ಟರು.

ಆಷಾಢ ರೂಮು ಕೊಡುತ್ತದೆ, ಹೊಳೆಯನ್ನೂ ತುಂಬಿಸುತ್ತದೆ. ವೈನಾಡಿನಲ್ಲಿ ಮಳೆ ಹಿಡಿದರೆ ಕಪಿಲೆಗೆ ಕಟ್ಟಿದ ಕಬಿನಿ ಜಲಾಶಯ 2284 ಅಡಿಯ ಕಡೆಗೆ ಏರುತ್ತದೆ; ನೀರು ಬಿಟ್ಟರೆ ನಂಜನಗೂಡಿನ ಸ್ನಾನಘಟ್ಟ ಮುಳುಗುತ್ತದೆ. 2018ರಲ್ಲೂ 2019ರಲ್ಲೂ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೇ ಕಪಿಲೆ ಹರಿದು ಮೈಸೂರಿನ ಸಂಚಾರ ನಿಂತಿತ್ತು. ಹಾಗಾಗಿ ರ‍್ಯಾಲಿಯ ವಾರ ನಾವು ಪತ್ರಿಕೆಯಲ್ಲಿ ಮೊದಲು ನೋಡುವುದು ಅಣೆಕಟ್ಟೆಗಳ ನೀರಿನ ಮಟ್ಟ. ಕಲ್ಲಿಕೋಟೆಯವರ ಲೆಕ್ಕ ಇನ್ನೊಂದು. 2009ರಿಂದ ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ಪ್ರಾಣಿಗಳ ಹಾದಿಗೆ ಅದು ಬೇಕೇ ಬೇಕು. ಅವರು ಬೆಳಿಗ್ಗೆಯೇ ಊರು ಬಿಟ್ಟು, ಹೊತ್ತು ಮುಳುಗುವ ಮೊದಲು ಗುಂಡ್ಲುಪೇಟೆ ಮುಟ್ಟಬೇಕೆಂದು ಫೋನು ಮಾಡಿ ಹೇಳುತ್ತಿದ್ದೆ.

ಭಾನುವಾರದ ಓಟ ತಿ. ನರಸೀಪುರಕ್ಕೆ. ಸುತ್ತೂರಿನ ಕಡೆಯಿಂದ ಹೋದರೆ ಕಪಿಲೆ ಆಗಾಗ ಜೊತೆಗೂಡುತ್ತಾಳೆ. ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿ ರಾತ್ರಿ ಉಳಿಯಲು ಗುಂಪಿಗೆ ಸಾಕಾಗುವ ಅನುಕೂಲ ಆಗ ಇರಲಿಲ್ಲ. ಅಗಸ್ತ್ಯೇಶ್ವರನ, ಗುಂಜಾ ನರಸಿಂಹನ ದರ್ಶನಕ್ಕೆ ಬಂದವರು ಸಂಜೆಗೆ ವಾಪಸಾಗುವ ಊರದು. 1989ರಲ್ಲಿ ಶುರುವಾದ ಕುಂಭಮೇಳಕ್ಕೆ ಜನಸಾಗರವೇ ಬಂದರೂ ಚಪ್ಪರ, ಶೆಡ್ಡುಗಳು ಮೇಳದ ಜೊತೆಗೇ ಎದ್ದುಹೋಗುತ್ತವೆ. ನಾವು ಅಲ್ಲಿ ತಿಂಡಿ ಮುಗಿಸಿ ಸೋಮನಾಥಪುರ ನೋಡಿಕೊಂಡು ಬರುತ್ತಿದ್ದೆವು.

ಈಗ ನಂಜನಗೂಡು ಬೇರೆಯೇ ಆಗಿದೆ. ಮೈಸೂರು ರಸ್ತೆಯುದ್ದಕ್ಕೂ ಕಾರ್ಖಾನೆಗಳು ಬಂದವು. ಅಲ್ಲಿಗೆ ಬರುವ ಎಂಜಿನಿಯರುಗಳಿಗೆಂದು ಲಾಡ್ಜುಗಳು ಎದ್ದವು. ಮಂಚ, ಬಿಸಿನೀರು, ಕೆಳಗೆ ಪಾರ್ಕಿಂಗು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಬಂದ ಮೇಲೆ ಬರುವ ಹುಡುಗರು ಮೊಬೈಲಿನಲ್ಲೇ ತಮ್ಮ ತಮ್ಮ ರೂಮು ಹಿಡಿಯುತ್ತಾರೆ. ಒಬ್ಬ ನಂಜನಗೂಡಿನಲ್ಲಿ, ಒಬ್ಬ ಮೈಸೂರಿನಲ್ಲಿ. ಅನುಕೂಲ ನಿಜ. ಆದರೂ ಮಂಟಪ ಬಿಡಬೇಡಿ ಎಂದು ನಾನು ಪ್ರತಿ ಸಲ ಹಟ ಹಿಡಿಯುತ್ತೇನೆ.

ಅಂಗಳದಲ್ಲಿ ಗಾಡಿಗಳೆಲ್ಲ ಒಟ್ಟಿಗೆ ನಿಂತರೆ ಶನಿವಾರ ಸಂಜೆ ಐಡಿಯಲ್ ಜಾವಾ ಕಾರ್ಖಾನೆಯ ಹಳೇ ಕೆಲಸಗಾರರು ಬರುತ್ತಾರೆ. ಕಿಕ್ಕರನ್ನೇ ಮುಂದೆ ಮಡಿಚಿ ಗೇರು ಹಾಕುವ ಆ ಜೋಡಣೆಯನ್ನು ಬಿಚ್ಚಿ ತೋರಿಸುತ್ತಾರೆ. ಕಾರ್ಬುರೇಟರಿನ ಸ್ಕ್ರೂ ಎಷ್ಟು ತಿರುಗಿಸಬೇಕೆಂದು ಸದ್ದು ಕೇಳಿಯೇ ಹೇಳುತ್ತಾರೆ. ಹುಡುಗರು ಸುತ್ತ ಕೂತು ಕೇಳುತ್ತಾರೆ, ಊಟಕ್ಕೆ ಎಲೆ ಹಾಕಿದರೂ ಏಳುವುದಿಲ್ಲ. ಬೇರೆ ಬೇರೆ ಲಾಡ್ಜುಗಳಿಗೆ ಈ ಹಿರಿಯರನ್ನು ಹೇಗೆ ಕರೆದೊಯ್ಯುವುದು? ಅವರಿಗೆ ಮೆಟ್ಟಿಲು ಹತ್ತುವುದೂ ಈಗ ಕಷ್ಟ. ಅದಕ್ಕೇ ಈ ಸಲದ ವಸತಿ ಪಟ್ಟಿಯಲ್ಲಿ ಮೊದಲ ಸಾಲು ಅವರದು: ಮಂಟಪದ ನೆಲಮಹಡಿಯ ರೂಮುಗಳು, ಮೈಸೂರಿನಿಂದ ಕರೆತಂದು ಭಾನುವಾರ ಮನೆಗೆ ಬಿಡಲು ಒಂದು ಕಾರು.