ಚೋಕ್ ತಂತಿಯ ಬಿಸಿ

ಈ ಬೆಳಿಗ್ಗೆ ನನ್ನ ಪದ್ಮಿನಿ ಕಾರಿನ ಚೋಕ್ ಎಳೆದೆ. ನುಣ್ಣಗೆ ಬಂತು, ಎಲ್ಲೂ ಕಚ್ಚಲಿಲ್ಲ. ಸೆಲ್ಫ್ ಹೊಡೆದ ಎರಡನೇ ಉಸಿರಿಗೇ ಎಂಜಿನ್ ಹಿಡಿಯಿತು, ಕೆಂಪು ದೀಪ ತಟ್ಟನೆ ಆರಿತು. ಹಾಸನದ ಡಿಸೆಂಬರ್ ಚಳಿಗೆ ಒಂದು ನಿಮಿಷ ಸಾಕು. ಆಮೇಲೆ ಚೋಕನ್ನು ಕಾಲು ಕಾಲು ಭಾಗವಾಗಿ ಒಳಗೆ ತಳ್ಳುತ್ತಾ ಹೋದರೆ ಎಂಜಿನ್ನಿನ ಗೊಗ್ಗರು ದನಿ ತಿಳಿಯಾಗುತ್ತದೆ. ಆ ದನಿ ಕೇಳುವುದಕ್ಕೆಂದೇ ನಾನು ಭಾನುವಾರವೂ ಬೇಗ ಏಳುತ್ತೇನೆ.

ಹೋದ ಮೂರು ತಿಂಗಳು ಈ ಸುಖ ಇರಲಿಲ್ಲ. ಚೋಕ್ ಬಿಗಿಯಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ, ಪ್ಲಗ್ ಬಿಚ್ಚಿದರೆ ಒಲೆಯ ಮಸಿ. ಇದರ ಜೊತೆಗೆ ಬ್ಯಾಟರಿಯೂ ವಾರಕ್ಕೊಮ್ಮೆ ಡೌನ್. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಹೊಸ ಕೇಬಲ್ ತಂದು ಹಾಕಿದೆ. ಮೂರೇ ವಾರಕ್ಕೆ ಅದೂ ಬಿಗಿಯಿತು. ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಮೆತ್ತಿಕೊಂಡಿತ್ತು. ಚೋಕ್ ತಂತಿಗೂ ಬೆಂಕಿಗೂ ಏನು ಸಂಬಂಧ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಸೆಲ್ಫ್ ಮೋಟರಿಗೆ ಹೋದ ನೂರಾರು ಆಂಪಿಯರ್ ಕರೆಂಟು ಬಾಡಿಗೆ ಮರಳಬೇಕಾದರೆ ಇರುವುದು ಒಂದೇ ಹೆದ್ದಾರಿ: ಗೇರ್‌ಬಾಕ್ಸಿನಿಂದ ಬಾಡಿಗೆ ಬಿಗಿದ ತಾಮ್ರದ ಜಡೆ. ಆ ಜಡೆ ಕಿಲುಬು ಹಿಡಿದರೆ ಕರೆಂಟು ಸುಮ್ಮನೆ ನಿಲ್ಲುವುದಿಲ್ಲ, ಕಾಲುದಾರಿ ಹುಡುಕುತ್ತದೆ. ಕಾರ್ಬುರೇಟರಿನಿಂದ ಡ್ಯಾಶ್‌ಬೋರ್ಡಿನವರೆಗೆ ಲೋಹವೇ ಆಗಿರುವ ಚೋಕ್ ಕೇಬಲ್ ಅದಕ್ಕೆ ಸಿಗುತ್ತದೆ. ಪ್ರತಿ ಸೆಲ್ಫಿಗೂ ಆ ಬಡ ತಂತಿ ಹೀಟರಿನ ಕಾಯಿಲ್ ಆಗುತ್ತಿತ್ತು.

ಇಲ್ಲಿ ನನ್ನ ಜಗಳ ಬೀಪ್ ಶಬ್ದದವರೊಂದಿಗೆ. ಮೀಟರನ್ನು ಕಂಟಿನ್ಯೂಟಿಗೆ ಇಟ್ಟು, ಬೀಪ್ ಬಂದರೆ ಅರ್ಥಿಂಗ್ ಸರಿ ಎನ್ನುತ್ತಾರೆ. ಮೀಟರ್ ಹರಿಸುವುದು ಮಿಲಿ ಆಂಪಿಯರುಗಳಲ್ಲಿ. ಜಡೆಯ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಒಬ್ಬನೇ ದಾಟಬಲ್ಲ ಸಂಕದ ಮೇಲೆ ಲಾರಿ ಹೋಗುತ್ತದೆಯೇ? ಭಾರ ಹಾಕಿಯೇ ಅಳೆಯಬೇಕು. ಕಾಯಿಲ್ ವೈರ್ ಕಳಚಿಡಿ. ಮೀಟರನ್ನು 20 ವೋಲ್ಟಿಗೆ ಇಟ್ಟು ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಕೆಂಪು ಮೊನೆಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ. ಕಂಬಕ್ಕೇ ಒತ್ತಬೇಕು, ಕ್ಲ್ಯಾಂಪಿಗಲ್ಲ. ಕ್ಲ್ಯಾಂಪೇ ಎಷ್ಟೋ ಸಲ ಕಳ್ಳ. ಈಗ ಯಾರಾದರೂ ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿನೊಳಗೆ ಬಂದರೆ ಸರಿ. ನನ್ನದರಲ್ಲಿ ಬಂದದ್ದು 3 ವೋಲ್ಟ್! ಬ್ಯಾಟರಿಯ ಕಾಲು ಭಾಗ ದಾರಿಯಲ್ಲೇ ಸೋರುತ್ತಿತ್ತು. ಚಾರ್ಜ್ ಆಗುವಾಗಲೂ ಅದೇ ಕಥೆ. ಆಲ್ಟರ್ನೇಟರ್ ತನ್ನ ಬಾಯಲ್ಲಿ 14.1 ವೋಲ್ಟ್ ಕೊಡುತ್ತಿದ್ದರೆ, ಹೆಡ್‌ಲೈಟ್ ಹಾಕಿದಾಗ ಬ್ಯಾಟರಿಗೆ ಮುಟ್ಟುತ್ತಿದ್ದುದು 13.4. ಪೇಟೆಯ ಸಣ್ಣ ಓಡಾಟಕ್ಕೆ ಅದು ಸಾಲದು.

ಬೀಪಿನವರನ್ನಾದರೂ ಕ್ಷಮಿಸುತ್ತೇನೆ. ಓಡುತ್ತಿರುವ ಎಂಜಿನ್ನಿನ ಬ್ಯಾಟರಿ ಟರ್ಮಿನಲ್ ಕಿತ್ತು, ‘ನಿಲ್ಲಲಿಲ್ಲ ನೋಡಿ, ಚಾರ್ಜಿಂಗ್ ಇದೆ’ ಅನ್ನುವವರನ್ನು ಕ್ಷಮಿಸಲಾರೆ. ಡೈನಮೋ ಕಾಲದಲ್ಲಿ ಅದು ಹೇಗೋ ನಡೆಯುತ್ತಿತ್ತು. ನನ್ನ ಗಾಡಿಯ ಹಿಂದಿನ ಮಾಲೀಕರು ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿದ್ದಾರೆ. ಅದರ ಹೊಟ್ಟೆಯಲ್ಲಿ ಡಯೋಡುಗಳಿವೆ. ಉಕ್ಕಿ ಬರುವ ಕರೆಂಟನ್ನು ನುಂಗುವ ಕೆರೆ ಬ್ಯಾಟರಿ. ತುಂಬಿ ಹರಿಯುವಾಗ ಕೆರೆಯ ದಾರಿಯನ್ನೇ ಮುಚ್ಚಿದರೆ? ರೆಗ್ಯುಲೇಟರ್ ಎಚ್ಚೆತ್ತುಕೊಳ್ಳುವಷ್ಟರಲ್ಲಿ ವೋಲ್ಟೇಜ್ ಹತ್ತಾರು ವೋಲ್ಟ್ ಮೇಲಕ್ಕೆ ನೆಗೆದಿರುತ್ತದೆ, ಡಯೋಡ್ ಸುಟ್ಟಿರುತ್ತದೆ. ಎರಡು ವರ್ಷದ ಹಿಂದೆ ಒಬ್ಬ ಮೆಕ್ಯಾನಿಕ್ ನಾನು ಬೇಡ ಬೇಡ ಅನ್ನುತ್ತಿದ್ದಂತೆಯೇ ಕಿತ್ತ. ‘ನಲವತ್ತು ವರ್ಷದ ಸರ್ವೀಸು ನಂದು’ ಅಂದ. ಆ ರಾತ್ರಿ ನಿಂತಲ್ಲೇ ಬ್ಯಾಟರಿ ಬರಿದಾಯಿತು. ಕೆಟ್ಟ ಡಯೋಡಿನ ಮೂಲಕ ಕರೆಂಟು ಹಿಂದಕ್ಕೆ ಸೋರಿತ್ತು. ಹೊಸ ಡಯೋಡ್ ಪ್ಲೇಟಿನ ದುಡ್ಡೂ ನನ್ನದೇ. ಬ್ಯಾಟರಿಗೆ ಮೀಟರ್ ಹಿಡಿದು, ಸ್ವಲ್ಪ ಆಕ್ಸಿಲರೇಟರ್ ಒತ್ತಿ 13.8ರಿಂದ 14.4 ಇದೆಯೇ ಎಂದು ನೋಡುವುದಕ್ಕೆ ಹತ್ತು ಸೆಕೆಂಡು ಸಾಕು. ಆ ಹತ್ತು ಸೆಕೆಂಡಿಗೆ ತಾಳ್ಮೆಯಿಲ್ಲದವನು ಸ್ಪ್ಯಾನರ್ ಹಿಡಿಯಲೇಬಾರದು.

ಜಡೆಗೆ ಬರೋಣ. ಬಿಚ್ಚಿದಾಗ ತುದಿಯೆಲ್ಲ ಹಸಿರು ಪುಡಿ. ಬೋಲ್ಟ್ ಕೂರುವ ಜಾಗದಲ್ಲಿ ಬಾಡಿಯ ಪೇಂಟು, ತುಕ್ಕು ಎರಡನ್ನೂ ಉಪ್ಪುಕಾಗದದಲ್ಲಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯಿಸಿದೆ. ಹೊಸ ಜಡೆಗೆ ಹಲ್ಲಿನ ವಾಷರ್ ಕೊಟ್ಟು ಬಿಗಿದು, ಮೇಲೆ ವ್ಯಾಸಲಿನ್ ಸವರಿದೆ. ಮತ್ತೆ ಅಳೆದಾಗ 0.1 ವೋಲ್ಟ್. ಆಮೇಲೆಯೇ ಮೂರನೇ ಚೋಕ್ ಕೇಬಲ್ ಹಾಕಿದ್ದು.

ಇವತ್ತು ಎಂಜಿನ್ ಹಿಡಿದ ಕೂಡಲೇ ಇಳಿದು, ಬಾನೆಟ್ ಎತ್ತಿ, ಕಾರ್ಬುರೇಟರಿನ ಪಕ್ಕದಲ್ಲಿ ಆ ಕೇಬಲ್ಲನ್ನು ಎರಡು ಬೆರಳಲ್ಲಿ ಹಿಡಿದೆ. ಮಂಜಿನಲ್ಲಿ ನಿಂತ ಬೇಲಿಯ ತಂತಿಯಷ್ಟೇ ತಣ್ಣಗಿತ್ತು.